ಚಾದರ ಕೊಟ್ಟ ಮೇಲೆ ಪ್ರಾರ್ಥನೆ ಮಾಡಿಸಬೇಕೇ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಕ್ರೈಸ್ತ ಸಭೆ (ಚರ್ಚು). 120 ಕುಟುಂಬಗಳಿವೆ. ನಾನು ಮಹಿಳಾ ಕೂಟದ ಕಾರ್ಯದರ್ಶಿ. ಪ್ರತಿ ಕ್ರಿಸ್ಮಸ್‌ಗೆ ಸುಮಾರು 1,80,000 ರೂಪಾಯಿ ಕಾಣಿಕೆ ಕೂಡುತ್ತದೆ. ಪೆಂಡಾಲು, ಲೈಟಿಂಗ್, ಸೌಂಡಿಗೆ 70,000, ಊಟಕ್ಕೆ 60,000, ಬಡವರಿಗೆ ಚಾದರ, ಸೀರೆ ಹಂಚಲು 35,000, ಸುವಾರ್ತಾ ಸೇವೆಗೆ (ಯೇಸುವಿನ ಸಂದೇಶ ಸಾರುವುದಕ್ಕೆ) 15,000 ಹೋಗುತ್ತದೆ. ಹೋದ ವರ್ಷ ಪಕ್ಕದ ಹಳ್ಳಿಯಲ್ಲಿ ಚಾದರ ಹಂಚಿ, ಎಲ್ಲರನ್ನೂ ಕೂಡಿಸಿ ಪ್ರಾರ್ಥನೆ ಮಾಡುವಾಗ ಕೆಲವು ಹುಡುಗರು ಬಂದು "ಮತಾಂತರ ಮಾಡಾಕ ಬಂದೀರೇನು?" ಎಂದು ಜಗಳ ತೆಗೆದರು. ಪೊಲೀಸರೂ ಬಂದರು. ಈ ವರ್ಷ ಸಭೆಯಲ್ಲಿ ಎರಡು ಗುಂಪಾಗಿದೆ. ನಮ್ಮ ಪಾಸ್ಟರ್ ಅಯ್ಯನವರು "ಸುವಾರ್ತೆ ಹೇಳದ ಕ್ರಿಸ್ಮಸ್ ಎಂಥಾ ಕ್ರಿಸ್ಮಸ್?" ಎನ್ನುತ್ತಾರೆ. ಹಿರಿಯರು "ನಮ್ಮ ಪಾಡಿಗೆ ಚರ್ಚಿನೊಳಗೆ ಹಬ್ಬ ಮಾಡಿದರೆ ಸಾಕು" ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ತಂಗಿ ಹಣ ಕಳಿಸುತ್ತೇನೆ ಅಂದಿದ್ದಾಳೆ. ಅದನ್ನು ತೆಗೆದುಕೊಳ್ಳಬಹುದೇ? ನಾವು ಏನು ಮಾಡಬೇಕು?

ಉತ್ತರ: ಸಹೋದರಿ, ವಂದನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸಭೆಗಳ ಲೆಕ್ಕಪತ್ರ ಮತ್ತು ಸೇವೆಯ ಕೆಲಸ ನೋಡುತ್ತಾ ನನಗೆ ಮೂವತ್ತು ವರ್ಷ ಆಗುತ್ತಾ ಬಂತು. ಡಿಸೆಂಬರ್ ಹತ್ತಿರ ಬಂದರೆ ನಿಮ್ಮಂಥದೇ ಪ್ರಶ್ನೆ ಒಂದಲ್ಲ ಒಂದು ಊರಿನಿಂದ ಬರುತ್ತದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಚಾದರ ಕೊಟ್ಟ ಜಾಗದಲ್ಲಿ ಪ್ರಾರ್ಥನೆ ಮಾಡಿಸಬೇಡಿ. ಚಾದರ ಕೊಡುವುದನ್ನೂ ಬಿಡಬೇಡಿ, ಸುವಾರ್ತೆ ಹೇಳುವುದನ್ನೂ ಬಿಡಬೇಡಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ, ಅಷ್ಟೇ. ದಿನ ಬೇರೆ ಇರಲಿ, ಜಾಗ ಬೇರೆ ಇರಲಿ, ಹಣವೂ ಬೇರೆ ಇರಲಿ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಮಾನ್ವಿ ಕಡೆಯ ಒಂದು ಹಳ್ಳಿಗೆ ನಾವು 60 ಚಾದರ ಒಯ್ದಿದ್ದೆವು. ಶಾಲೆಯ ಅಂಗಳದಲ್ಲಿ ಜನರನ್ನು ಸಾಲಾಗಿ ಕೂಡಿಸಿದೆವು. ಎರಡು ಹಾಡು, ಒಂದು ಸಣ್ಣ ಪ್ರಸಂಗ, ಪ್ರಾರ್ಥನೆ, ಆಮೇಲೆ ಹೆಸರು ಕರೆದು ಕೊಟ್ಟೆವು. ಫೋಟೋ ತೆಗೆದೆವು. ಎಲ್ಲರಿಗೂ ಖುಷಿ ಆಯಿತು ಅಂದುಕೊಂಡೆವು. ಮರುದಿನ ಬೆಳಿಗ್ಗೆ ಬಿಟ್ಟುಬಂದಿದ್ದ ತಾಡಪತ್ರಿ ತರಲು ನಾನು ಮತ್ತೆ ಆ ಊರಿಗೆ ಹೋದೆ. ಶಾಲೆಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ತೊಡೆ ಮೇಲೆ ನಾವು ಕೊಟ್ಟ ಚಾದರ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ನನ್ನನ್ನು ನೋಡಿ ಎದ್ದಳು. "ಯಪ್ಪಾ, ರಾತ್ರಿ ಹೊಚ್ಚಿಕೊಳ್ಳಲಿಲ್ಲ. ಇದನ್ನ ತೊಗೊಂಡ್ರ ನಮ್ಮ ಮೊಮ್ಮಗನ ಸರ್ಟಿಫಿಕೇಟು ಹೋಗ್ತೈತೇನು ಅಂತ ಕೇಳಿ ಹೊಚ್ಕೊಂಡ್ರಾತು ಅಂದೆ" ಅಂದಳು.

ಮೊಮ್ಮಗ ಹಾಸ್ಟೆಲಿನಲ್ಲಿ ಓದುತ್ತಿದ್ದ. ಅವನ ಜಾತಿ ಪ್ರಮಾಣಪತ್ರ ಹೋದರೆ ಹಾಸ್ಟೆಲು ಹೋಯಿತು, ಸ್ಕಾಲರ್‌ಶಿಪ್ ಹೋಯಿತು. ಅಜ್ಜಿಗೆ ಅಷ್ಟು ಗೊತ್ತಿತ್ತು. ಅದಕ್ಕೇ ಚಳಿಯಲ್ಲಿ ಮುದುಡಿಕೊಂಡು ಮಲಗಿದ್ದಳು. ಚಾದರ ಮಗ್ಗುಲಲ್ಲೇ ಇತ್ತು. ನಾನು ಆ ದಿನ "ಏನೂ ಆಗಲ್ಲ ಅಜ್ಜಿ, ಹೊಚ್ಚಿಕೋ" ಅಂದು ನಾನೇ ಕವರ್ ಹರಿದು ಅವಳ ಹೆಗಲಿಗೆ ಹಾಕಿದೆ. ಆದರೆ ಆ ಅನುಮಾನ ಅವಳ ತಲೆಗೆ ಬಂದದ್ದು ನಮ್ಮಿಂದ. ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲ ಮುಗಿದ ಮೇಲೆ ಚಾದರ ಕೊಟ್ಟರೆ, ತೆಗೆದುಕೊಂಡವರಿಗೆ ಅದು ಒಂದು ವ್ಯವಹಾರ ಅನಿಸದೆ ಇರುತ್ತದೆಯೇ? "ಇದಕ್ಕೆ ನಾನು ಏನು ಕೊಡಬೇಕು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆ ಸರ್ಟಿಫಿಕೇಟಿನ ಮಾತು ಬಂದದ್ದಕ್ಕೆ ಅದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಮನೆಮನೆಯ ವಿಷಯ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಪಡೆದು ಕ್ರೈಸ್ತ ನಂಬಿಕೆಯಲ್ಲಿ ನಡೆಯುತ್ತಿರುವವರು ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳಲು ಬರುವುದಿಲ್ಲ ಎಂದಿತು. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಷರತ್ತು ಇಲ್ಲ. ಈ ನಿಯಮ ನ್ಯಾಯವೋ ಅಲ್ಲವೋ ಎಂಬ ಬಗ್ಗೆ ನನಗೂ ಬಲವಾದ ಅಭಿಪ್ರಾಯವಿದೆ. ದಲಿತ ಕೇರಿಯಿಂದ ಬಂದ ಕ್ರೈಸ್ತ ಹುಡುಗನಿಗೆ ಊರಿನ ಹೋಟೆಲಿನಲ್ಲಿ ಸಿಗುವ ಮರ್ಯಾದೆ ಅವನ ಧರ್ಮ ಕೇಳಿ ಬದಲಾಗುವುದಿಲ್ಲ. ಆದರೆ ಇವತ್ತಿಗೆ ಕಾನೂನು ಇರುವುದು ಹೀಗೆ. ಚಾದರ ತೆಗೆದುಕೊಂಡರೆ, ನಮ್ಮ ಊಟಕ್ಕೆ ಬಂದರೆ, ಹಾಡು ಕೇಳಿದರೆ ಯಾರ ಸರ್ಟಿಫಿಕೇಟೂ ಹೋಗುವುದಿಲ್ಲ. ದೀಕ್ಷಾಸ್ನಾನ ಕೇಳಿಕೊಂಡು ಬರುವವರಿಗೆ ಮಾತ್ರ ಇದನ್ನೆಲ್ಲ ಮೊದಲೇ ತಿಳಿಸಿ ಹೇಳುವುದು ಅಯ್ಯನವರ ಕರ್ತವ್ಯ. ಹೇಳದೆ ಮುಚ್ಚಿಟ್ಟರೆ ಅದು ಮೋಸವಾಗುತ್ತದೆ.

ಇನ್ನು ಹೋದ ವರ್ಷದ ಜಗಳ. ಹುಡುಗರು ಕೂಗಾಡಿದ್ದು ಸರಿಯಲ್ಲ. ಆದರೆ ಪೊಲೀಸರ ಮುಂದೆ ನೀವು ನಿಂತಾಗ ನಿಮ್ಮ ಕೈಯಲ್ಲಿ ಏನಿತ್ತು ಯೋಚಿಸಿ. ಒಂದು ಕೈಯಲ್ಲಿ ಚಾದರ, ಇನ್ನೊಂದು ಕೈಯಲ್ಲಿ ಬೈಬಲ್. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರಲ್ಲಿ ಬಂತು. ಅದರಲ್ಲಿ "ಆಮಿಷ" ಎಂಬ ಪದದ ಅರ್ಥ ಬಹಳ ಅಗಲವಾಗಿದೆ. ಉಡುಗೊರೆ, ಹಣ, ವಸ್ತು, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ ಬರುತ್ತವೆ. ಸಾಮಾನ್ಯ ಶಿಕ್ಷೆ 3ರಿಂದ 5 ವರ್ಷ. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಿ 3ರಿಂದ 10 ವರ್ಷ. ಇದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೇರೆ, ವಿಧಾನಮಂಡಲದಲ್ಲಿ ಕಾಯ್ದೆ ರದ್ದಾಗುವುದು ಬೇರೆ. ಹಬ್ಬಕ್ಕೆ ಮೊದಲು ನಿಮ್ಮ ಊರಿನ ವಕೀಲರ ಹತ್ತಿರ ಒಂದು ಸಲ ಕೂತು ಮಾತಾಡಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸಲು, ಪ್ರಚಾರ ಮಾಡಲು ನಮಗೆ ಹಕ್ಕು ಕೊಟ್ಟಿದೆ. ಆದರೆ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸ್ಪಷ್ಟ ಮಾಡಿದೆ. ತಿಳಿಸಬಹುದು. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು.

ಆದರೂ ನಾನು ಕಾನೂನಿಗೆ ಹೆದರಿ ಈ ಮಾತು ಹೇಳುತ್ತಿಲ್ಲ. ಆ ಕಾಯ್ದೆ ಇಲ್ಲದಿದ್ದ ಕಾಲದಲ್ಲೇ ಅಜ್ಜಿ ಚಾದರ ಮಡಿಚಿಟ್ಟುಕೊಂಡು ಕೂತಿದ್ದಳು.

ನಮ್ಮ ಸೀಮೆಯ ಹಳೆಯ ಕಥೆ ನೋಡಿ. ಇಂಗ್ಲೆಂಡಿನ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಂದವರು ಮೊದಲು ಕೂತು ಕನ್ನಡ ಕಲಿತರು. ಆಮೇಲೆ ವಿಲಿಯಂ ರೀವ್ ಜೊತೆಯಾದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅಂದರೆ ಇಪ್ಪತ್ತು ವರ್ಷದ ಕೆಲಸ. ರೀವ್ ಅವರು ಕನ್ನಡ ನಿಘಂಟನ್ನೂ ಮಾಡಿದರು. ಮಿಷನ್ನಿನವರ ವಾರ್ಡ್‌ಲಾ ಶಾಲೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳು ಓದಿ ಹೊರಬಂದರು. ಆ ಕೆಲಸದ ಬಗ್ಗೆ ಇವತ್ತಿಗೂ ಬಳ್ಳಾರಿಯಲ್ಲಿ ಎಲ್ಲರೂ ಗೌರವದಿಂದ ಮಾತಾಡುತ್ತಾರೆ. ಇನ್ನೊಂದು ಕಡೆ 1876-78ರ ಧಾತು-ಈಶ್ವರ ಬರ ಇದೆ. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದು. ಗಂಜಿ ಹಾಕಿದವರು, ಅನಾಥ ಮಕ್ಕಳನ್ನು ಸಾಕಿದವರು ಪುಣ್ಯದ ಕೆಲಸ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿದ ಹೊತ್ತಿನಲ್ಲಿ ಸಭೆ ಸೇರಿದವರ ಮಕ್ಕಳು ಮೊಮ್ಮಕ್ಕಳು "ಗಂಜಿಗೆ ಜಾತಿ ಬಿಟ್ಟವರು" ಎಂಬ ಮಾತು ಕೇಳಬೇಕಾಯಿತು. ಅವರಲ್ಲಿ ಮನಸಾರೆ ನಂಬಿದವರು ಎಷ್ಟೋ ಜನ ಇದ್ದರು. ಅವರ ನಂಬಿಕೆಯನ್ನೇ ಜನ ಅನುಮಾನಿಸಿದರು. ಇದನ್ನು ಅಯ್ಯನವರಿಗೆ ಹೇಳಿ. ಚಾದರದ ಜೊತೆ ಸುವಾರ್ತೆ ಕಟ್ಟಿದರೆ ಕೊನೆಗೆ ನಷ್ಟ ಆಗುವುದು ಸುವಾರ್ತೆಗೇ.

ಹಾಗಾದರೆ ಹೇಗೆ ಕೊಡುವುದು? ಬೈಬಲಿನ ರೂತಳ ಪುಸ್ತಕದಲ್ಲಿ ಬೋವಜನ ಹೊಲ ನೆನಪಿದೆಯಲ್ವಾ? ಹಕ್ಕಲಾಯಲು, ಅಂದರೆ ಕೊಯ್ಯುವವರ ಹಿಂದೆ ಬಿದ್ದ ತೆನೆ ಆರಿಸಲು ಬಂದ ರೂತಳು ಬೇರೆ ದೇಶದವಳು, ಮೋವಾಬಿನವಳು. ಬೋವಜ ತನ್ನ ಆಳುಗಳಿಗೆ ಏನು ಹೇಳಿದ? ಸಿವುಡಿನಿಂದ ಒಂದಿಷ್ಟು ತೆನೆ ಬೇಕಂತಲೇ ಕಿತ್ತು ಬೀಳಿಸಿ, ಆರಿಸಿಕೊಳ್ಳಲಿ, ಗದರಿಸಬೇಡಿ ಅಂದ. ನಮ್ಮ ಕಡೆ ಹತ್ತಿ ಹೊಲದಲ್ಲಿ, ಜೋಳದ ಹೊಲದಲ್ಲಿ ಹಕ್ಕಲು ಆರಿಸುವವರನ್ನು ನೀವು ದಿನಾ ನೋಡಿರುತ್ತೀರಿ. ಅವರು ತಲೆ ಬಗ್ಗಿಸಿ ಆರಿಸುತ್ತಾರೆ, ತಲೆ ಎತ್ತಿ ಮನೆಗೆ ಹೋಗುತ್ತಾರೆ. ಯಾರಿಗೂ ಕೈಮುಗಿಯಬೇಕಾಗಿಲ್ಲ. ನಮ್ಮ ಕೊಡುಗೆ ಹಾಗಿರಬೇಕು. ನಿಮ್ಮ ಹುಡುಗರು ಹತ್ತಿಯ ಗಡ್ಡ ಅಂಟಿಸಿಕೊಂಡು ಕ್ರಿಸ್ಮಸ್ ತಾತ ಆಗುತ್ತಾರಲ್ಲ, ಆ ತಾತನ ಮೂಲವಾದ ಸಂತ ನಿಕೊಲಾಸರ ಕಥೆಯೂ ಹೀಗೇ. ಮೂವರು ಬಡ ಹೆಣ್ಣುಮಕ್ಕಳ ಮದುವೆಗೆ ರಾತ್ರಿ ಹೊತ್ತು ಗುಟ್ಟಾಗಿ ಹಣದ ಗಂಟು ಹಾಕಿ ಹೋದರು ಅಂತ ಹೇಳುತ್ತಾರೆ.

ಅದಕ್ಕೆ ಈ ವರ್ಷ ಬ್ಯಾನರ್ ಬೇಡ. ಸಾಲಿನಲ್ಲಿ ನಿಲ್ಲಿಸುವುದು ಬೇಡ. ತೆಗೆದುಕೊಳ್ಳುವವರ ಫೋಟೋ ಬೇಡವೇ ಬೇಡ. ಲೆಕ್ಕಕ್ಕೆ ಫೋಟೋ ಬೇಕು ಅಂದರೆ ಚಾದರದ ಮೂಟೆಯ ಫೋಟೋ, ಅಂಗಡಿಯ ಬಿಲ್ಲು ಸಾಕು. ಯಾರಿಗೆ ಬೇಕು ಎಂಬುದನ್ನು ನೀವು ಊಹಿಸಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶಾಲೆಯ ಹೆಡ್‌ಮಾಸ್ತರ್ ಇವರಿಗೆ ಊರಿನ ಪ್ರತಿ ಮನೆಯ ಹೊಟ್ಟೆ ಗೊತ್ತು. ಅವರನ್ನು ಕೇಳಿ, ಸಾಧ್ಯವಾದರೆ ಅವರ ಕೈಯಿಂದಲೇ ಕೊಡಿಸಿ. ನಮ್ಮ ಸಭೆಯವರು, ಬೇರೆಯವರು ಅಂತ ಎರಡು ಪಟ್ಟಿ ಮಾಡಬೇಡಿ.

ಇನ್ನೊಂದು ಮುಖ್ಯ ಮಾತು. ಏನು ಕೊಡಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಯಾವಾಗ ಅಂತ ಯಾರೂ ಯೋಚಿಸುವುದಿಲ್ಲ. ಡಿಸೆಂಬರ್ 25ರ ಹಿಂದೆಮುಂದೆ ಒಂದೇ ಅಜ್ಜಿಗೆ ಮೂರು ಕಡೆಯಿಂದ ಚಾದರ ಬರುತ್ತದೆ, ಜೂನ್‌ನಲ್ಲಿ ಅವಳ ಮೊಮ್ಮಗನಿಗೆ ನೋಟ್‌ಬುಕ್ ಇರುವುದಿಲ್ಲ. ನಮ್ಮ ಕಡೆ ಕಷ್ಟಕ್ಕೆ ಅದರದೇ ಕಾಲ ಇದೆ. ಕಾಲುವೆ ನೀರಿನ ಕಡೆ ಭತ್ತದ ಕೊಯ್ಲು ನಡೆಯುವಾಗ ಕೂಲಿ ಸಿಗುತ್ತದೆ. ಒಣಬೇಸಾಯದ ಕಡೆ ಹಿಂಗಾರು ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಟರೆ ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಎರಡನೇ ಬೆಳೆಗೆ ತುಂಗಭದ್ರಾ ಕಾಲುವೆಗೆ ನೀರು ಬಿಡದ ವರ್ಷ ನಿಮ್ಮ ಸಿಂಧನೂರು ಕಡೆಯೂ ಅದೇ ಪಾಡು. ಫೆಬ್ರವರಿ, ಮಾರ್ಚ್‌ನಲ್ಲಿ ಅಂಥ ಮನೆಗೆ ಒಂದು ಚೀಲ ಜೋಳ ಮುಟ್ಟಿಸಿದರೆ ಅದು ಡಿಸೆಂಬರಿನ ಹತ್ತು ಚಾದರಕ್ಕೆ ಸಮ.

ನಿಮ್ಮ 35,000 ರೂಪಾಯಿಗೆ ನಾನು ಒಂದು ದಾರಿ ಹೇಳುತ್ತೇನೆ. ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರ ಕೊಡಲು ಸಂಘ ಸಂಸ್ಥೆಗಳು, ಸಾಮಾನ್ಯ ಜನರು ಮುಂದೆ ಬರಲಿ ಅಂತ ಕೇಂದ್ರ ಸರ್ಕಾರ 2022ರಲ್ಲಿ ನಿಕ್ಷಯ್ ಮಿತ್ರ ಎಂಬ ಏರ್ಪಾಡು ಮಾಡಿದೆ. ತಾಲ್ಲೂಕು ಆಸ್ಪತ್ರೆಯ ಟಿಬಿ ವಿಭಾಗದಲ್ಲಿ ವಿಚಾರಿಸಿ ಹೆಸರು ನೋಂದಾಯಿಸಬಹುದು. ಒಪ್ಪಿಗೆ ಕೊಟ್ಟ ರೋಗಿಗಳಿಗೆ ಕನಿಷ್ಠ 6 ತಿಂಗಳು ಪ್ರತಿ ತಿಂಗಳೂ ಧಾನ್ಯ, ಬೇಳೆ, ಎಣ್ಣೆ, ಶೇಂಗಾ ಇಂಥದ್ದು ಕೊಡಬೇಕು. ಸರ್ಕಾರ ರೋಗಿಯ ಖಾತೆಗೆ ತಿಂಗಳಿಗೆ 1,000 ರೂಪಾಯಿ ಹಾಕುತ್ತದೆ, ಮೊದಲು ಅದು 500 ಇತ್ತು. ಸರಿಯಾಗಿ ಊಟ ಇಲ್ಲದವರಿಗೆ ಟಿಬಿ ಗುಳಿಗೆ ತಡೆದುಕೊಳ್ಳುವುದು ಕಷ್ಟ. ವಾಂತಿ, ಸುಸ್ತು ಆಗಿ ಜನ ನಡುವೆ ಔಷಧಿ ಬಿಟ್ಟುಬಿಡುತ್ತಾರೆ. ಬಿಟ್ಟರೆ ರೋಗ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗಬಹುದು. ಅದಕ್ಕೇ ಊಟ ಅಷ್ಟು ಮುಖ್ಯ. ತಿಂಗಳಿಗೆ ಒಬ್ಬರಿಗೆ 700 ರೂಪಾಯಿ ಹಿಡಿದರೆ 5 ಜನರಿಗೆ 6 ತಿಂಗಳಿಗೆ 21,000 ಆಗುತ್ತದೆ. ಕ್ರಿಸ್ಮಸ್‌ಗೆ ಶುರು ಮಾಡಿದರೆ ಮೇ ತಿಂಗಳವರೆಗೆ ನಿಮ್ಮ ಮಹಿಳಾ ಕೂಟಕ್ಕೆ ಕೆಲಸ ಇರುತ್ತದೆ.

ಉಳಿದ 14,000ದಲ್ಲಿ 9,000ಕ್ಕೆ 30 ಚಾದರ ಕೊಳ್ಳಿ. ಅವನ್ನು ಹಳ್ಳಿಗೆ ಒಯ್ಯಬೇಡಿ. ರಾತ್ರಿ 9ರ ಮೇಲೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಹೊರಗೋ ನಿಮ್ಮ ತಾಲ್ಲೂಕು ಆಸ್ಪತ್ರೆಯ ವರಾಂಡದಲ್ಲೋ ನೋಡಿ. ರೋಗಿಗೆ ಹಾಸಿಗೆ ಸಿಕ್ಕಿರುತ್ತದೆ, ಜೊತೆಗೆ ಬಂದವರಿಗೆ ನೆಲ. ಎಷ್ಟೋ ಜನ ಹೆರಿಗೆ ನೋವು, ಅಪಘಾತ ಅಂತ ಉಟ್ಟ ಬಟ್ಟೆಯಲ್ಲೇ ಓಡಿ ಬಂದಿರುತ್ತಾರೆ. ಸಿಸ್ಟರನ್ನು ಕೇಳಿ, ಚಾದರ ಕೊಟ್ಟು ಸುಮ್ನೆ ಬನ್ನಿ. ನಾನು ಬಳ್ಳಾರಿಯಲ್ಲಿ ಇದನ್ನು ಮಾಡಿದ್ದೇನೆ. ಒಬ್ಬರು "ಯಾರ ಕಡೆಯಿಂದ ಬಂದೀರಿ?" ಅಂತ ಕೇಳಿದರು. "ಚರ್ಚಿನಿಂದ, ನಾಡಿದ್ದು ಕ್ರಿಸ್ಮಸ್" ಅಂದೆವು. ಕೇಳಿದ್ದಕ್ಕೆ ಸತ್ಯ ಹೇಳಬೇಕು, ಅದರಲ್ಲಿ ಮುಚ್ಚುಮರೆ ಬೇಡ. ಮಿಕ್ಕ 5,000 ಜೂನ್‌ನ ನೋಟ್‌ಬುಕ್ಕಿಗೆ ಇರಲಿ. ಬ್ಯಾಂಕಿನಲ್ಲಿ ಇಟ್ಟು, ರಿಜಿಸ್ಟರಿನಲ್ಲಿ ಹಾಗಂತ ಬರೆದಿಡಿ. ಇಲ್ಲದಿದ್ದರೆ ಈಸ್ಟರ್ ಹೊತ್ತಿಗೆ ಖರ್ಚಾಗಿ ಹೋಗುತ್ತದೆ.

ಈಗ ಸುವಾರ್ತೆ. ಅಯ್ಯನವರ ಮಾತಿನಲ್ಲಿ ತಪ್ಪಿಲ್ಲ. ಕ್ರಿಸ್ತನ ಹೆಸರು ಎತ್ತದೆ ಕ್ರಿಸ್ಮಸ್ ಮಾಡುವುದು ಹೇಗೆ? ಹೇಳೋಣ. ಆದರೆ ಕರೆದ ಮನೆಯಲ್ಲಿ ಹೇಳೋಣ, ನಮ್ಮ ಮನೆಗೆ ಬಂದವರಿಗೆ ಹೇಳೋಣ. ಕ್ಯಾರಲ್ಸ್‌ಗೆ (ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡಲು) ಹೋಗುವಾಗ ನಮ್ಮ ಸಭೆಯ ಮನೆಗಳಿಗೆ ಹೋಗಿ. ಅಕ್ಕಪಕ್ಕದವರು ತಾವಾಗಿ "ನಮ್ಮ ಮನೆ ಮುಂದೂ ಒಂದು ಹಾಡ್ರಿ" ಅಂದರೆ ಸಂತೋಷದಿಂದ ಹಾಡಿ. ಅಂದೇ ಅನ್ನುತ್ತಾರೆ. ಮೈಕ್ ಬೇಡ. ಡೋಲಕ್, ಗಿಟಾರು, ನಾಲ್ಕು ಒಳ್ಳೆಯ ದನಿ ಸಾಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. 24ರ ಮಧ್ಯರಾತ್ರಿಯ ಆರಾಧನೆಗೆ ಹೊರಗಡೆ ಸ್ಪೀಕರ್ ಕಟ್ಟುವುದಾದರೆ ಮೊದಲೇ ಠಾಣೆಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ತೆಗೆದುಕೊಳ್ಳಿ. ಬೇರೆಯವರ ಮಕ್ಕಳನ್ನು ತಂದೆತಾಯಿಗೆ ಹೇಳದೆ ನಾಟಕಕ್ಕೆ, ಆಟಕ್ಕೆ ಕರೆದುಕೊಂಡು ಬರಬೇಡಿ. ಇದು ಎಷ್ಟು ಸಣ್ಣದು ಅನಿಸುತ್ತದೋ ಅಷ್ಟೇ ದೊಡ್ಡ ಜಗಳ ತರುತ್ತದೆ.

ನೀವು ಊಟಕ್ಕೆ 60,000 ಖರ್ಚು ಮಾಡುತ್ತೀರಿ. ಅದರಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಬೇಡಿ ಅಂತಲೇ ನನ್ನ ಸಲಹೆ. ಯಾಕಂದರೆ ಸುವಾರ್ತಾ ಸೇವೆಗೆ ನಿಮ್ಮ ಹತ್ತಿರ ಇರುವ ಅತಿ ಒಳ್ಳೆಯ ಜಾಗ ಆ ಊಟದ ಪಂಕ್ತಿ. ಓಣಿಯವರನ್ನು ಕರೆಯಿರಿ. ಮನೆಗೆ ಹೋಗಿ ಬಾಯಿಮಾತಿನಲ್ಲಿ ಕರೆಯಿರಿ. ಬಿರಿಯಾನಿ ತಿನ್ನದವರಿಗೆ ಬೇರೆ ಅಡುಗೆ, ಬೇರೆ ಪಾತ್ರೆ ಇಡಿ. ಅವರ ಪಕ್ಕದಲ್ಲಿ ನಿಮ್ಮವರೂ ಕೂತು ಉಣ್ಣಲಿ. ಅದೇ ದಿನಗಳ ಆಸುಪಾಸಿನಲ್ಲಿ ಎಳ್ಳಮಾವಾಸ್ಯೆ ಬರುತ್ತದೆ. ಅವರು ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ನಿಮ್ಮನ್ನು ಕರೆದಿರುತ್ತಾರೆ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಬಂದಿರುತ್ತೀರಿ. ನೀವು ಕರ್ಚಿಕಾಯಿ, ಚಕ್ಕುಲಿ ತಟ್ಟೆ ಕಳಿಸುತ್ತೀರಿ. ಹೀಗೆ ಕೊಟ್ಟು ತೆಗೆದುಕೊಂಡು ಇರುವವರ ನಡುವೆ ಯಾರೋ ಒಬ್ಬರು "ನಿಮ್ಮ ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ಅಂತೀರಲ್ಲ, ಯಾಕೆ?" ಅಂತ ಕೇಳುತ್ತಾರೆ. ಆಗ ಹೇಳಿ. ಕೇಳಿದವರಿಗೆ ಹೇಳುವ ಸುವಾರ್ತೆಗೆ ಯಾರೂ ಅಡ್ಡಿ ಬರುವುದಿಲ್ಲ. ಆ 15,000ವನ್ನು ಕರಪತ್ರಕ್ಕೆ ಹಾಕುವ ಬದಲು ನಿಮ್ಮ ಸಂಡೇ ಸ್ಕೂಲ್ ಟೀಚರುಗಳಿಗೆ, ಯುವಕರಿಗೆ ಎರಡು ದಿನದ ತರಬೇತಿಗೆ ಹಾಕಿ. ಸ್ವಂತ ನಂಬಿಕೆಯನ್ನು ಸರಳ ಕನ್ನಡದಲ್ಲಿ, ಬೇರೆ ದೇವರನ್ನು ಬೈಯದೆ ಹೇಳಲು ನಮ್ಮಲ್ಲಿ ಬಹಳ ಜನಕ್ಕೆ ಬರುವುದಿಲ್ಲ. ಜಾತ್ರೆಯ ಜಾಗದಲ್ಲಿ ನಿಂತು ಬೇರೆಯವರ ಪೂಜೆಯನ್ನು ಹಳಿಯುವ ಪ್ರಸಂಗ ಕೇಳಿ ನನಗೆ ಬಹಳ ನೋವಾಗಿದೆ. ಅದು ಸುವಾರ್ತೆ ಅಲ್ಲ.

ಪೆಂಡಾಲು, ಸೌಂಡಿನ 70,000 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹುಡುಗರಿಗೆ ಹಬ್ಬ ಅಂದರೆ ಸ್ಟೇಜು, ನಕ್ಷತ್ರ, ಲೈಟು. ಅವರನ್ನು ಬೈದು ಕಡಿಮೆ ಮಾಡಿಸಿದರೆ ಚರ್ಚಿಗೆ ಬರುವುದನ್ನೇ ಬಿಡುತ್ತಾರೆ. ಖರ್ಚಿನ ಪಟ್ಟಿ ಅವರ ಕೈಗೇ ಕೊಡಿ, ಟಿಬಿ ರೋಗಿಯ ಮನೆಗೆ ತಿಂಗಳ ಕಿಟ್ ಮುಟ್ಟಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿ. ಎರಡನೇ ತಿಂಗಳಿಗೆ ಅವರೇ ಸೌಂಡ್ ಬಾಡಿಗೆ ಬಗ್ಗೆ ಮಾತು ತೆಗೆಯುತ್ತಾರೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ, ಇದು ನನ್ನ ವೃತ್ತಿ. ಕ್ರಿಸ್ಮಸ್ ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸಲು ಕೂತಾಗ ನೋಟುಗಳನ್ನು ಗಮನಿಸಿ ನೋಡಿ. 500ರ ನೋಟು ಸಪಾಟಾಗಿ ಇರುತ್ತದೆ. 10, 20ರ ನೋಟುಗಳಲ್ಲಿ ಕೆಲವು ಸುರುಳಿ ಸುತ್ತಿಕೊಂಡಿರುತ್ತವೆ. ಬಿಡಿಸಿ ಇಟ್ಟರೂ ಮತ್ತೆ ಸುತ್ತಿಕೊಳ್ಳುತ್ತವೆ. ಅವು ಸೆರಗಿನ ಗಂಟಿನಲ್ಲಿ ದಿನಗಟ್ಟಲೆ ಇದ್ದ ನೋಟುಗಳು. ಹತ್ತಿ ಬಿಡಿಸಿದ ಕೂಲಿಯಲ್ಲಿ ಉಳಿಸಿದ್ದು. ಮೆಣಸಿನಕಾಯಿ ಕೆಲಸದಿಂದ ಬಂದವರ ನೋಟು ಎಣಿಸಿದರೆ ಕೈ ಉರಿಯುತ್ತದೆ. ಆ ನೋಟಿಗೆ ಲೆಕ್ಕ ಕೊಡದಿದ್ದರೆ ನಾವು ಯಾರಿಗೆ ಉತ್ತರ ಹೇಳೋಣ?

ಎಣಿಸುವಾಗ ಕನಿಷ್ಠ ಮೂವರು ಇರಲಿ, ಒಂದೇ ಮನೆಯವರು ಬೇಡ. ಎಣಿಸಿದ ಕೂಡಲೇ ಮೊತ್ತ ಬರೆದು ಮೂವರೂ ಸಹಿ ಹಾಕಿ. ಬ್ಯಾಂಕ್ ತೆರೆದ ಮೊದಲ ದಿನವೇ ಜಮಾ ಮಾಡಿ. ಖಾತೆಯಲ್ಲಿ ಎರಡು ಸಹಿ ಇರಲಿ. ದಾನದ ಹಣಕ್ಕೆ ಒಂದು ರಿಜಿಸ್ಟರ್, ಸುವಾರ್ತಾ ಸೇವೆಗೆ ಬೇರೆ ರಿಜಿಸ್ಟರ್. ಜನವರಿಯ ಮೊದಲ ಭಾನುವಾರ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ. ನನಗೆ ಗೊತ್ತಿರುವ ಒಂದು ಸಭೆಯಲ್ಲಿ ಖಜಾಂಚಿಯೊಬ್ಬರೇ ಎಣಿಸಿ ಮನೆಯಲ್ಲಿ ಇಟ್ಟುಕೊಂಡರು. ಒಂದು ರೂಪಾಯಿ ಕಡಿಮೆ ಆಗಿರಲಿಲ್ಲ, ನಾನೇ ಪರೀಕ್ಷೆ ಮಾಡಿದೆ. ಆದರೆ ಅಷ್ಟರಲ್ಲಿ ಮಾತು ಹಬ್ಬಿತ್ತು. ಎರಡು ಕುಟುಂಬಗಳು ಎರಡು ವರ್ಷ ಪ್ರಭು ಭೋಜನಕ್ಕೆ ಒಟ್ಟಿಗೆ ಬರಲಿಲ್ಲ. ಯೇಸುವಿನ ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗೆ ಹಣ ಕಳಿಸುವಾಗ ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಎಂಬುದೇ ಅದರ ಕಾರಣ ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ತಾನೇ ಹೇಳಿದ್ದಾನೆ. ಪೌಲನಿಗೇ ಅದು ಬೇಕಿತ್ತು, ನಮಗೆ ಬೇಡವೇ?

ನಿಮ್ಮ ತಂಗಿಯ ಹಣ. ಮೊದಲು ಒಂದು ಪ್ರಶ್ನೆ ಕೇಳಿ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಸಭೆಯ ಖಾತೆಗೆ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ಒಂದನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಅವರು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಭೆ ಅದನ್ನು ಮುಟ್ಟುವ ಹಾಗಿಲ್ಲ. ನೋಂದಣಿ ಇರುವ ಸಂಸ್ಥೆಗಳೂ ಅಂಥ ಹಣವನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. 2020ರ ತಿದ್ದುಪಡಿ ಆದ ಮೇಲೆ ಅವರು ಅದನ್ನು ಬೇರೆ ಸಂಸ್ಥೆಗೆ ದಾಟಿಸಲೂ ಬರುವುದಿಲ್ಲ. ಹಾಗಾಗಿ "ನನ್ನ ಖಾತೆಗೆ ಹಾಕು, ನಾನು ಚರ್ಚಿಗೆ ಕೊಡುತ್ತೇನೆ" ಎಂಬ ಬಳಸು ದಾರಿ ಹಿಡಿಯಬೇಡಿ. ತಂಗಿ ಊರಿಗೆ ಬಂದಾಗ ಮಹಿಳಾ ಕೂಟದ ಜೊತೆ ಎರಡು ದಿನ ಆಸ್ಪತ್ರೆಗೆ ಬರಲಿ, ಅದಕ್ಕೆ ಯಾವ ಅನುಮತಿಯೂ ಬೇಡ. ದಾನ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿಯ 80ಜಿ ಬಗ್ಗೆಯೂ ಕೆಲವರು ಕೇಳುತ್ತಾರೆ. ಬರೀ ಧಾರ್ಮಿಕ ಕೆಲಸ ಮಾಡುವ ಟ್ರಸ್ಟಿಗೆ ಅದು ಸಿಗುವುದಿಲ್ಲ. ಅನುಮೋದನೆ ಇಲ್ಲದಿದ್ದರೆ ರಸೀದಿ ಮೇಲೆ ಅದನ್ನು ಅಚ್ಚು ಹಾಕಿಸಬೇಡಿ.

ಕೊನೆಗೆ, ಜಗಳ ಆದ ಆ ಹಳ್ಳಿ. ಹಿರಿಯರು ಆ ಕಡೆ ಹೋಗುವುದೇ ಬೇಡ ಅನ್ನಬಹುದು. ನಾನು ಹೋಗಿ ಅನ್ನುತ್ತೇನೆ. ಆದರೆ ಕ್ರಿಸ್ಮಸ್ ಬರುವವರೆಗೆ ಕಾಯಬೇಡಿ. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರಕ್ಕಿಂತ ಮುಂಚೆ, ನವೆಂಬರಿನಲ್ಲೇ ಒಂದು ಸಂಜೆ ಹೋಗಿ. ನೀವು, ಅಯ್ಯನವರು, ಇನ್ನಿಬ್ಬರು ಹಿರಿಯರು ಸಾಕು. ಹನುಮಪ್ಪನ ಗುಡಿ ಕಟ್ಟೆಯ ಹತ್ತಿರ ಊರ ಹಿರಿಯರು ಕೂತಿರುತ್ತಾರೆ. ಜಗಳ ತೆಗೆದ ಹುಡುಗರನ್ನೂ ಕರೆಸಲು ಹೇಳಿ. "ಹೋದ ವರ್ಷ ಚಾದರ ಕೊಟ್ಟು ಪ್ರಾರ್ಥನೆ ಮಾಡಿಸಿದ್ದು ನಮ್ಮದು ತಪ್ಪಾಯಿತು, ಇನ್ನು ಹಾಗೆ ಮಾಡುವುದಿಲ್ಲ. ನಿಮ್ಮ ಊರಿಗೆ ಏನಾದರೂ ಬೇಕಿದ್ದರೆ ನೀವೇ ಹೇಳಿ" ಅಂತ ಅಯ್ಯನವರ ಬಾಯಿಂದಲೇ ಹೇಳಿಸಿ. ಅವರು ಏನೂ ಬೇಡ ಅನ್ನಬಹುದು. ಹಾಗಂದರೆ ಒಪ್ಪಿಕೊಳ್ಳಿ. ಹೋಗುವಾಗ ಕೈಯಲ್ಲಿ ಏನೂ ಒಯ್ಯಬೇಡಿ. ಚಹಾ ಕೊಟ್ಟರೆ ಕುಡಿದು ಬನ್ನಿ.